ಹೊರಗೆ ತಂದ ಬೆಂಚು

ಮೈಕು ಹಿಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು. ‘ನಮ್ಮ ಅಕ್ಕಾರು ಅಷ್ಟ್ ವರ್ಷ ಬಸ್ಸಿನ್ಯಾಗ ನಿಂತು ದುಡದ್ರು, ಇಬ್ಬರು ಮಕ್ಕಳನ್ನ ದಡಾ ಮುಟ್ಟಿಸಿದ್ರು, ಆ ವಯಸ್ಸಿನ್ಯಾಗೂ ಪುಸ್ತಕ ಹಿಡದ್ರು. ಆದ್ರ ಪಾಪ, ಬಿ.ಎ. ಒಂದು ಆಗಲಿಲ್ಲ ನೋಡ್ರಿ,’ ಅಂದರು. ಬೆಲ್ಲದ ಬಾಗೇವಾಡಿಯ ಆಚೆ ಇರುವ ಆ ಅಕ್ಕನ ಊರಿನ ಸಣ್ಣ ಬುದ್ಧವಿಹಾರದಲ್ಲಿ ಅವರ ನುಡಿನಮನಕ್ಕೆ ಕೂತಿದ್ದ ಜನ ‘ಹೌದ್ ಹೌದ್’ ಎಂದು ತಲೆಯಾಡಿಸಿದರು. ನನಗೆ ಮಾತ್ರ ಆ ‘ಪಾಪ’ ಚುಚ್ಚಿತು. ಆ ಒಂದು ಶಬ್ದವನ್ನು ತಮ್ಮ ಮೇಲೆ ಹಾಕಲು ಅವರು ಬದುಕಿದ್ದಾಗ ಯಾರಿಗೂ ಬಿಟ್ಟಿರಲಿಲ್ಲ. ಫೋಟೋಗೆ ಹಾರ ಬಿದ್ದ ಕೂಡಲೇ ಹಾಕಿಬಿಟ್ಟರು.

ಅವತ್ತು ನನ್ನ ಕೈಗೆ ಮೈಕು ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವೆಲ್ಲ ಅವರನ್ನು ಮಾವಶಿ ಎಂದೇ ಕರೆಯುತ್ತಿದ್ದೆವು. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ನಮ್ಮ ಕಡೆ ಕನ್ನಡದವರ ಬಾಯಲ್ಲೂ ಅದೇ. ಹುಕ್ಕೇರಿ, ಗೋಕಾಕ, ಮೂಡಲಗಿ ರೂಟಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಗಿಡ್ಡ ಆಳು, ದೊಡ್ಡ ದನಿ. ಸೀಟಿ ಹೊಡೆಯುವ ಬದಲು ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು ‘ಹೋಗ್ಲಿ’ ಎನ್ನುವುದು ಅವರ ಪದ್ಧತಿ. ಮೂಡಲಗಿ ಸ್ಟ್ಯಾಂಡಿನಲ್ಲಿ ಆ ಸದ್ದು ಕೇಳಿದರೆ ಬಸ್ಸು ನೋಡದೆಯೇ ಗೊತ್ತಾಗುತ್ತಿತ್ತು, ಮಾವಶಿ ಬಂದರು ಅಂತ.

ನಾನು ಮೂಡಲಗಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಪಿಯುಸಿ ಮುಗಿದ ಮೇಲೆ ಮನೆಯಲ್ಲಿ ಕಾಲೇಜು ಬಿಡಿಸಿದರು. ಟೈಪಿಂಗು ನಾನೇ ಕಲಿತದ್ದು. ಇಂಗ್ಲಿಷನ್ನೂ ಅಷ್ಟಿಷ್ಟು ನಾನೇ ಕಲಿತದ್ದು, ಎಣ್ಣೆಯ ಪಾಕೀಟು, ಔಷಧದ ಡಬ್ಬಿ, ಫೋನಿನ ವಿಡಿಯೋ, ಎಲ್ಲಿ ಅಕ್ಷರ ಕಂಡರೂ ಅಲ್ಲಿ. ಮೊದಲ ಸಲ ಮಾವಶಿ ನನ್ನನ್ನು ಮಾತಾಡಿಸಿದಾಗಲೂ ನಾನು ಚುರಮುರಿ ಕಟ್ಟಿದ್ದ ಪೇಪರನ್ನು ತಿರುಗಿಸಿ ಓದುತ್ತ ಕೂತಿದ್ದೆ.

‘ಏ ಹುಡುಗಿ, ಚುರಮುರಿ ತಿನ್ನಾಕತ್ತಿಯೋ, ಪೇಪರ್ ತಿನ್ನಾಕತ್ತಿಯೋ?’

‘ಓದಾಕತ್ತೇನ್ರಿ.’

‘ಎಷ್ಟ್ ಕಲ್ತಿ?’

‘ಪಿಯುಸಿ ರಿ. ಆಮ್ಯಾಲ ಬಿಡಿಸಿದ್ರು.’

‘ಬಿಡಿಸಿದ್ರೋ, ನೀನಾಗೇ ಬಿಟ್ಟಿಯೋ?’

‘ಬಿಡಿಸಿದ್ರು ರಿ.’

‘ಹಂಗಾದ್ರ ಇನ್ನೂ ಮುಗದಿಲ್ಲ,’ ಎಂದು ನನ್ನ ಆಧಾರ ಕಾರ್ಡು ನೋಡಿ, ಹೆಣ್ಣುಮಕ್ಕಳಿಗೆ ಕೊಡುವ ಪುಕ್ಕಟೆ ಟಿಕೀಟು ಹರಿದು ಕೈಗಿಟ್ಟು ಮುಂದಿನ ಸೀಟಿಗೆ ಹೋದರು. ಗೋಕಾಕ ಬರುವ ಮೊದಲು ಮತ್ತೆ ನನ್ನ ಹತ್ತಿರ ಬಂದು ಕಂಬಿ ಹಿಡಿದು ನಿಂತರು. ‘ನಾನೂ ಬಿ.ಎ. ಕಟ್ಟೀನಿ, ಹೊರಗಿನಿಂದ. ರವಿವಾರ ಗೋಕಾಕದಾಗ ಕ್ಲಾಸ್ ಇರತೈತಿ. ನೀನೂ ಕಟ್ಟು.’

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಪರೀಕ್ಷೆಯನ್ನು ಕಟ್ಟುತ್ತಾರೆ. ಕಾಲೇಜಿಗೆ ಹೋಗದೆ, ವಿಶ್ವವಿದ್ಯಾಲಯದವರು ಕಳಿಸುವ ಪುಸ್ತಕ ಓದಿ ಡಿಗ್ರಿ ಮಾಡುವವರು ‘ಹೊರಗಿನಿಂದ ಕಟ್ಟಿದವರು’. ಉದ್ದ ಆಯಿತು ಎಂದು ಆಮೇಲೆ ಬರೀ ‘ಹೊರಗಿನವರು’. ಈ ಹೊರಗೆ ಎನ್ನುವ ಶಬ್ದದ ಮೇಲೆಯೇ ಮಾವಶಿಯ ಕಣ್ಣು. ಅದು ಆಮೇಲೆ.

ನಾನು ಅವತ್ತು ಜಂಬದಿಂದ ಹೇಳಿದೆ: ‘ನನಗ ಡಿಗ್ರಿ ಬ್ಯಾಡ್ರಿ ಮಾವಶಿ. ಎಲ್ಲಾ ಫೋನಿನ್ಯಾಗ ಸಿಗತೈತಿ. ನಾನ ಕಲೀತೀನಿ.’

‘ಕಲಿ. ಬ್ಯಾಡ ಅಂದವ್ರ ಯಾರು? ಆದ್ರ ನೀ ತಪ್ಪಿದ್ರ ನಿನಗ ಯಾರ ಹೇಳ್ತಾರ? ಫೋನ್ ಹೇಳತೈತೇನ? ಅದು ಎಲ್ಲಾದಕ್ಕೂ ಹೂಂ ಅಂತೈತಿ. ತಪ್ಪು ಅನ್ನಾಕ ಒಬ್ಬರು ಬೇಕ ತಂಗಿ.’

ನಮ್ಮಪ್ಪ ಕಬ್ಬಿನ ಗದ್ದೆಯಿಂದ ತಲೆ ಎತ್ತದೆ, ‘ಆ ಕಂಡಕ್ಟರ್ ಬಾಯಾರ ಜೋಡಿ ಆದ್ರ ಹೋಗು,’ ಎಂದ. ಅಷ್ಟು ಸಾಕಾಯಿತು. ಮರುವಾರವೇ ನಾನು ಹೊರಗಿನವಳಾದೆ.

ದೂರ ಶಿಕ್ಷಣವನ್ನು ಹೊಗಳಲು ಕೂತವಳಲ್ಲ ನಾನು. ಅದರ ಹುಳುಕು ನಮಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನನ್ನ ಮೊದಲ ವರ್ಷದ ಇತಿಹಾಸದ ಪುಸ್ತಕ ಬಂದಾಗ ಪರೀಕ್ಷೆಗೆ ಇನ್ನು ಒಂದೇ ವಾರ ಇತ್ತು. ಒಬ್ಬಳಿಗೆ ಬಂದ ಪಾರ್ಸಲಿನಲ್ಲಿ ಎರಡೂ ಪುಸ್ತಕ ಒಂದೇ ಆಗಿದ್ದವು. ರವಿವಾರದ ಕ್ಲಾಸಿಗೆ ಪಾಠ ಮಾಡಲು ಬರುವವರು ಕೆಲವೊಮ್ಮೆ ಬರುತ್ತಿರಲಿಲ್ಲ. ಬಂದರೂ ನಮ್ಮ ಪುಸ್ತಕವನ್ನೇ ನಮ್ಮ ಕೈಯಿಂದ ಇಸಿದುಕೊಂಡು ನಮಗೇ ಓದಿ ಹೇಳುತ್ತಿದ್ದರು. ಏನಾದರೂ ಕೇಳಬೇಕೆಂದು ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿದರೆ ಹಾಡು ಕೇಳಿಸುತ್ತಿತ್ತು, ಮನುಷ್ಯರು ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ಆ ರವಿವಾರದ ಖೋಲಿಯನ್ನು ನೀವು ನೋಡಬೇಕಿತ್ತು. ಗೋಕಾಕದ ಒಂದು ಶಾಲೆಯ ಕೊನೆಯ ಖೋಲಿ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವವನು, ಅಂಗನವಾಡಿಯ ಆಯಾ, ಹಿಡಕಲ್ ಅಣೆಕಟ್ಟೆಯ ಗೇಟು ಕಾಯುವವನು, ತೊಡೆಯ ಮೇಲೆ ಕೂಸು ಮಲಗಿಸಿಕೊಂಡು ಸಮಾಜಶಾಸ್ತ್ರ ಬರೆದುಕೊಳ್ಳುವ ಹೊಸ ಸೊಸೆ. ಮನೆಯಲ್ಲಿ ಒಬ್ಬರ ಜೊತೆ ಒಬ್ಬರು ಕೂತು ಉಣ್ಣದವರು ಅಲ್ಲಿ ಒಂದೇ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂರುತ್ತಿದ್ದರು. ‘ದುಡ್ಡು ಕಟ್ಟಿದ್ರ ಸಿಗೋ ಡಿಗ್ರಿ’ ಎಂದು ನಗುವವರು ಒಂದೇ ಒಂದು ರವಿವಾರ ಬಂದು ಆ ಕೂಸನ್ನು ಎತ್ತಿಕೊಳ್ಳಲಿ, ಆಮೇಲೆ ನಗಲಿ.

ಮಾವಶಿ ಒಂದು ರವಿವಾರವೂ ತಪ್ಪಿಸುತ್ತಿರಲಿಲ್ಲ. ಡಿಪೋದಲ್ಲಿ ರವಿವಾರದ ರಜೆ ಸಿಗುವುದು ಸುಲಭವಲ್ಲ. ಅದಕ್ಕೆ ಅವರದೊಂದು ಉಪಾಯ ಇತ್ತು. ದೀಪಾವಳಿ, ಯುಗಾದಿ, ಕಾರಹುಣ್ಣಿಮೆ, ಯಾವ ಹಬ್ಬ ಬಂದರೂ ‘ನೀವು ಮನಿಗೆ ಹೋಗ್ರಿ, ನಾ ಡ್ಯೂಟಿ ಮಾಡ್ತೀನಿ’ ಎಂದು ಜೊತೆಯವರನ್ನು ಕಳಿಸಿಬಿಡುತ್ತಿದ್ದರು. ಆಮೇಲೆ ಒಬ್ಬೊಬ್ಬರಿಂದ ಒಂದೊಂದು ರವಿವಾರ ವಸೂಲಿ. ‘ನಮ್ಮ ಹಬ್ಬ ಬ್ಯಾರೆ ಐತೆಪಾ,’ ಎನ್ನುತ್ತಿದ್ದರು. ‘ನಂದು ವಾರಕ್ಕೊಮ್ಮೆ ಬರತೈತಿ.’

ಎಲ್ಲ ವಿಷಯ ಪಾಸಾಗಿದ್ದರು. ಮೊದಲ ವರ್ಷದ ಇಂಗ್ಲಿಷು ಒಂದೇ ಉಳಿದುಕೊಂಡಿತ್ತು. ಅದು ಹೋಗದಿದ್ದರೆ ಉಳಿದದ್ದೆಲ್ಲ ಪಾಸಾಗಿಯೂ ಡಿಗ್ರಿ ಇಲ್ಲ.

ಇಂಗ್ಲಿಷನ್ನು ಅವರು ಬಸ್ಸಿನಲ್ಲೇ ಕಲಿಯುತ್ತಿದ್ದರು. ಇನ್, ಆನ್, ಅಂಡರ್ ಎಂಬ ಮೂರು ಶಬ್ದ ಅವರನ್ನು ಬಹಳ ಕಾಡುತ್ತಿದ್ದವು. ಅದಕ್ಕೆ ಕಂಡಿದ್ದಕ್ಕೆಲ್ಲ ಹಚ್ಚಿ ನೋಡುವುದು. ‘ಮಾವಶಿ ಇನ್ ದ ಬಸ್. ಹುಡುಗ್ರು ಆನ್ ದ ಫುಟ್‌ಬೋರ್ಡ್. ಏ, ಮ್ಯಾಲ ಬರ್ರೋ!’ ಒಮ್ಮೆ ಒಬ್ಬ ಮುದುಕರು ಸೀಟಿನ ಕೆಳಗೆ ಚೀಲದಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದರು. ಮಾವಶಿ ಬಗ್ಗಿ ನೋಡಿ, ‘ಕಾಕಾ, ಯುವರ್ ಕೋಳಿ ಈಸ್ ಅಂಡರ್ ದ ಸೀಟ್,’ ಅಂದರು.

ಮುದುಕರಿಗೆ ಅಂಡರ್ ಅಂದದ್ದು ಅಂಡಾ, ಅಂದರೆ ಮೊಟ್ಟೆ, ಎಂದು ಕೇಳಿಸಿತು. ‘ಅಂಡಾ ಎಲ್ಲಿಂದ ಬರ್ತಾವಬೇ? ಇದು ಹುಂಜ ಐತಿ!’ ಎಂದು ಸಿಟ್ಟಿಗೆದ್ದರು.

ಡ್ರೈವರ್ ನಕ್ಕು ನಕ್ಕು ಬಸ್ಸನ್ನು ಬದಿಗೆ ಹಾಕಬೇಕಾಯಿತು. ಮಾವಶಿ ಮಾತ್ರ ಗಂಭೀರವಾಗಿ ನನ್ನ ಕಡೆ ತಿರುಗಿ, ‘ಅಂಡರ್ ಬರೋಬ್ಬರಿ ಹಚ್ಚಿದೆ ಹೌದಿಲ್ಲೋ?’ ಎಂದು ಕೇಳಿದರು.

ಅವರು ಫೇಲಾದ ಒಂದು ಪೇಪರಿನ ಕತೆಯನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಪ್ರಶ್ನೆ ‘ಗುಡ್ ಕಂಡಕ್ಟ್’ ಕುರಿತು ಒಂದು ಟಿಪ್ಪಣಿ ಬರೆಯಿರಿ ಎಂದು. ಒಳ್ಳೆಯ ನಡತೆ ಎಂದು ಅದರ ಅರ್ಥ. ಮಾವಶಿ ಗುಡ್ ಕಂಡಕ್ಟರ್ ಎಂದು ತಿಳಿದು ಖುಷಿಯಿಂದ ಪುಟ ತುಂಬಿಸಿದರು: ಒಳ್ಳೆಯ ಕಂಡಕ್ಟರ್ ಮುದುಕರು ಹತ್ತುವ ತನಕ ಬಸ್ಸು ಬಿಡಿಸುವುದಿಲ್ಲ, ಚಿಲ್ಲರೆ ನುಂಗುವುದಿಲ್ಲ, ಬಸುರಿಯನ್ನು ಹಿಂದಿನ ಸೀಟಿಗೆ ಕಳಿಸುವುದಿಲ್ಲ. ‘ಸೊನ್ನಿ ಕೊಟ್ಟಿರಬೇಕ ಪುಣ್ಯಾತ್ಮ,’ ಎನ್ನುತ್ತಿದ್ದರು. ‘ಅಂವ ಎಂದೂ ನಿಂತ್ಕೊಂಡು ಬಸ್ಸಿನ್ಯಾಗ ಹೋಗಿಲ್ಲ, ಕಾಣಸ್ತೈತಿ.’

ಯಾಕಿಷ್ಟು ಹಟ ಎಂದು ನಾನೊಮ್ಮೆ ಕೇಳಿದೆ. ಪಗಾರ ಹೆಚ್ಚಾಗುವುದಿಲ್ಲ, ಬಡ್ತಿ ಸಿಗುವ ವಯಸ್ಸು ದಾಟಿದೆ. ಗೋಕಾಕ ಸ್ಟ್ಯಾಂಡಿನಲ್ಲಿ ಬಸ್ಸು ಬಿಡಲು ಇನ್ನೂ ಹೊತ್ತಿತ್ತು. ಮಾವಶಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದರು.

‘ನಮ್ಮ ಅಜ್ಜ ಸಾಲೀಗೆ ಹೋಗಿದ್ದ. ನಮ್ಮ ಕೇರಿ ಹುಡುಗ್ರನ್ನ ಆಗ ಒಳಗ ಕೂಡಿಸ್ತಿದ್ದಿಲ್ಲ. ಬಾಗಲ ಹೊರಗ, ಪಡಸಾಲಿ ತುದೀಗೆ ಕುಂತು ಕಲ್ತ. ಮಾಸ್ತರ ಒಳಗ, ಅಜ್ಜ ಹೊರಗ. ಪಾಟಿ ತಿದ್ದೋದಿದ್ರ ಮಾಸ್ತರ ದೂರ ನಿಂತು ಬೆತ್ತ ತೋರಿಸಿ, ಅದನ್ನ ಅಳಿಸು, ಇದನ್ನ ಬರಿ ಅಂತಿದ್ನಂತ.’ ಒಂದು ಗುಟುಕು ಕುಡಿದು ನಕ್ಕರು. ‘ಈಗ ಇವ್ರು ದೂರ ಶಿಕ್ಷಣ ದೂರ ಶಿಕ್ಷಣ ಅಂತ ಬೋರ್ಡ್ ಹಾಕ್ಯಾರ. ದೂರ ಶಿಕ್ಷಣ ಮೊದಲ್ ಮಾಡಿದಂವ ನಮ್ಮಜ್ಜ ನೋಡ್!’

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

‘ನಗು ನಗು. ಅಜ್ಜನೂ ನಕ್ಕೋತನ ಹೇಳ್ತಿದ್ದ. ನಾಕನೇತ್ತೆ ಪರೀಕ್ಷಾದಾಗ ಮಾಸ್ತರ ಅವ್ನ ಪಾಟಿ ಮುಟ್ಟಿ ನೋಡ್ಲೇ ಇಲ್ಲ. ಪಾಪ, ಪಾಸ್ ಅಂತ ಬರ್ಕೋರಿ ಅಂದ್ನಂತ. ಅಜ್ಜಗ ಬಾಳ ಸಿಟ್ಟ ಇದ್ದದ್ದು ಅದರ ಮ್ಯಾಲ. ಹೊರಗ ಕೂಡಿಸಿದ್ದಕ್ಕಿಂತ ಹೆಚ್ಚು. ನಾ ಬರದದ್ದು ಸರಿ ಇತ್ತೋ ತಪ್ಪಿತ್ತೋ ನನಗ ಸಾಯೂತನ ಗೊತ್ತಾಗಂಗಿಲ್ಲ ಅಂತಿದ್ದ.’

ಅವರ ಮನೆಯ ಗೋಡೆಯ ಮೇಲೆ ನೀಲಿ ಕೋಟಿನವರ ದೊಡ್ಡ ಫೋಟೋ ಇದೆ. ಅದರ ಬಾಜೂ ಆ ಅಜ್ಜನದೊಂದು ಸಣ್ಣ ಫೋಟೋ. ಅಜ್ಜ ಕೈಯಲ್ಲಿ ಪಾಟಿ ಹಿಡಿದೇ ಫೋಟೋಗೆ ನಿಂತಿದ್ದಾನೆ, ಮುದುಕನಾದ ಮೇಲೆ.

ನಮ್ಮ ಮನೆಗೆ ಮಾವಶಿ ಒಂದೇ ಸಲ ಬಂದಿದ್ದರು. ನಾನು ಒಳಗೆ ಕರೆದೆ. ಅಷ್ಟರಲ್ಲಿ ನಮ್ಮಜ್ಜಿ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿಬಿಟ್ಟಿದ್ದಳು. ಚಹಾ ಬಂತು. ನಮಗೆಲ್ಲ ಸ್ಟೀಲಿನ ಕಪ್ಪು, ಮಾವಶಿಗೆ ಕಾಗದದ ಕಪ್ಪು. ನನ್ನ ಮುಖ ಕೆಂಪಾಯಿತು. ಮಾವಶಿ ಚಹಾ ಕುಡಿದು ಮುಗಿಸಿ, ಆ ಕಪ್ಪನ್ನು ಅಜ್ಜಿಯ ಕೈಗೇ ಕೊಟ್ಟು, ‘ಚಹಾ ಛಲೋ ಇತ್ತ ಯಮ್ಮಾ. ತೊಳಿಯೋ ತ್ರಾಸ ಉಳಸ್ಕೊಂಡ್ರಿ, ಶಾಣ್ಯಾರ ಅದೀರಿ,’ ಎಂದರು. ಅಜ್ಜಿ ಆ ಕಪ್ಪನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು.

ಇನ್ನು ಆ ಪರೀಕ್ಷೆ.

ಹೊರಗಿನಿಂದ ಕಟ್ಟಿದವರಿಗೆ ಒಂದು ಗಡುವು ಇರುತ್ತದೆ. ಅಷ್ಟು ವರ್ಷದೊಳಗೆ ಎಲ್ಲ ಪೇಪರು ಮುಗಿಯಬೇಕು. ಮುಗಿಯದಿದ್ದರೆ ಪಾಸಾದದ್ದೆಲ್ಲ ನೀರಿಗೆ ಹೋದ ಹಾಗೆ, ಮತ್ತೆ ಮೊದಲಿನಿಂದ ಕಟ್ಟಬೇಕು. ಮಾವಶಿಗೆ ಆ ವರ್ಷವೇ ಕೊನೆಯ ಅವಕಾಶ. ಮೊದಲ ವರ್ಷದ ಇಂಗ್ಲಿಷು ನನ್ನ ಪೇಪರೂ ಆಗಿದ್ದರಿಂದ ಇಬ್ಬರೂ ಒಂದೇ ಖೋಲಿಯಲ್ಲಿ ಕೂತೆವು, ಅವರು ಮುಂದೆ, ನಾನು ಹಿಂದೆ. ಬೆಳಗ್ಗೆಯೇ ಬಿಸಿಲು ಏರಿತ್ತು.

ಖೋಲಿ ಕಾಯಲು ಬಂದ ಸರ್ ಕೆಟ್ಟ ಮನುಷ್ಯರಲ್ಲ. ಅದನ್ನು ಈಗಲೂ ಹೇಳುತ್ತೇನೆ. ಅವರು ಪೇಪರು ಹಂಚಿದರು. ಸ್ವಲ್ಪ ಹೊತ್ತು ನೋಡಿದರು. ಅರ್ಧಕ್ಕರ್ಧ ಜನ ಪೆನ್ನು ಕಚ್ಚಿಕೊಂಡು ತಲೆಯ ಮೇಲಿನ ಛತ್ತು ನೋಡುತ್ತಿದ್ದರು. ಸರ್ ಹೋಗಿ ಬಾಗಿಲು ಮುಚ್ಚಿದರು. ಜೇಬಿನಿಂದ ಒಂದು ಗೈಡಿನ ಹಾಳೆ ತೆಗೆದು, ದನಿ ಇಳಿಸಿ, ‘ಗದ್ದಲ ಮಾಡಬ್ಯಾಡ್ರಿ. ಪಾಪ, ಹೊರಗಿನವ್ರು ಅದೀರಿ, ದುಡದು ತಿನ್ನೋ ಮಂದಿ, ಓದಾಕ ಎಲ್ಲಿ ಟೈಮ್ ಇರತೈತಿ? ನಾ ಹೇಳ್ತೀನಿ, ಬರ್ಕೋರಿ. ಒಂದನೇ ಪ್ರಶ್ನೆ...’ ಎಂದು ಶುರುಮಾಡಿದರು.

ಎಲ್ಲರ ಪೆನ್ನು ಒಮ್ಮೆಲೇ ಓಡತೊಡಗಿತು. ಮಾವಶಿಯದು ನಿಂತಿತು.

‘ಸರ್, ಪಾಪ ಅನ್ಬ್ಯಾಡ್ರಿ,’ ಅಂದರು.

‘ಏನವ್ವಾ?’

‘ಪಾಪ ಅನ್ಬ್ಯಾಡ್ರಿ ಅಂದೆ. ಬಾಗಲಾ ತಗೀರಿ. ನನಗ ಬಂದಾಂಗ ಬರೀತೀನಿ. ನೀವು ಹೇಳಿದ್ರ ಕಿವೀಗೆ ಬೀಳತೈತಿ, ಬಿದ್ದದ್ದನ್ನ ಮರಿಯಾಕ ಬರಂಗಿಲ್ಲ ನನಗ.’

ಖೋಲಿಯಲ್ಲಿ ಗುಸುಗುಸು ಎದ್ದಿತು. ಹುಕ್ಕೇರಿಯ ಒಬ್ಬ ಸೊಸೈಟಿ ಕ್ಲಾರ್ಕು ಇದ್ದ, ಡಿಗ್ರಿ ಇಲ್ಲದ್ದಕ್ಕೆ ಮ್ಯಾನೇಜರ್ ಆಗುವುದು ತಪ್ಪಿ ಕೂತವನು. ಅವನೇ ಎದ್ದು ನಿಂತ. ‘ಮಾವಶಿ, ಕೈ ಮುಗೀತೀನಿ, ಸುಮ್ಮ ಕುಂದ್ರಿ. ನಿಮಗ ನೌಕರಿ ಐತಿ. ನನಗ ಇದರ ಮ್ಯಾಲ ಸಂಸಾರ ನಿಂತೈತಿ. ನಿಮ್ಮ ಹಟಕ್ಕ ನಮ್ಮನ್ನ ಯಾಕ ಸುಡ್ತೀರಿ?’

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಾವಶಿಯೂ ಹಾಗೆಂದೇ ತಿಳಿದಿರಬೇಕು, ಅವನಿಗೆ ಬೈಯಲಿಲ್ಲ. ‘ನಾ ನಿನ್ನ ಸುಡಾಂಗಿಲ್ಲೋ ತಮ್ಮಾ. ಯಾರಿಗೂ ಹೇಳಾಂಗೂ ಇಲ್ಲ,’ ಎಂದರು. ‘ನೀ ಒಳಗ ಬರಿ. ನಾ ಹೊರಗ ಹೋಗ್ತೀನಿ.’

ನಾವೆಲ್ಲ ಅವರು ಪೇಪರು ಬಿಟ್ಟು ಮನೆಗೆ ಹೋಗುತ್ತಾರೆ ಎಂದುಕೊಂಡೆವು. ಅವರು ಹೋಗಿ ಬಾಗಿಲು ತೆರೆದರು. ತಿರುಗಿ ಬಂದು ತಮ್ಮ ಬೆಂಚಿನ ಒಂದು ತುದಿ ಹಿಡಿದು ಎಳೆದರು. ಮುಂದೆ ಬರೆಯುವ ಹಲಗೆ ಕೂಡಿಸಿದ ಹಳೆಯ ಬೆಂಚು ಅದು, ಸಾಗುವಾನಿಯದು. ಒಬ್ಬರಿಂದ ಅಲುಗುವಂಥದ್ದಲ್ಲ. ನೆಲಕ್ಕೆ ಕಾಲು ಉಜ್ಜಿ ಕರ್ರ್ ಎಂದು ಸದ್ದು ಮಾಡಿ ಅಲ್ಲೇ ನಿಂತಿತು. ಮಾವಶಿ ಬೆನ್ನು ನೆಟ್ಟಗೆ ಮಾಡಿ ಖೋಲಿಯನ್ನೆಲ್ಲ ಒಮ್ಮೆ ನೋಡಿದರು. ಬಸ್ಸಿನಲ್ಲಿ ‘ಟಿಕೀಟ್ ಯಾರ್ದರಿ?’ ಎಂದು ಕೇಳುವ ಅದೇ ದನಿಯಲ್ಲಿ ಕೇಳಿದರು:

‘ಯಾರರ ಒಂದ್ ಕಡಿ ಹಿಡೀರಿ.’

ನಾನು ಹಿಡಿದೆ. ದೊಡ್ಡ ವಿಚಾರ ಮಾಡಿ ಹಿಡಿದದ್ದಲ್ಲ. ಮುದುಕಿಯೊಬ್ಬಳು ಬುಟ್ಟಿ ಎತ್ತಲು ಕೈ ಹಚ್ಚು ಎಂದರೆ ಹಚ್ಚುವುದಿಲ್ಲವೇ, ಹಾಗೆ. ಇಬ್ಬರೂ ಸೇರಿ ಬೆಂಚನ್ನು ಹೊಸ್ತಿಲು ದಾಟಿಸಿ ಪಡಸಾಲೆಗೆ ತಂದೆವು. ಹೊರಗೆ ಇಳಿಸಿದ ಮೇಲೆ ನೋಡುತ್ತೇನೆ, ಅದು ಇಬ್ಬರು ಕೂರುವ ಬೆಂಚು. ಒಂದು ತುದಿಗೆ ಮಾವಶಿ ಕೂತರು. ಇನ್ನೊಂದು ತುದಿ ಖಾಲಿ. ನಾನು ಒಳಗೆ ಹೋಗಿ ನನ್ನ ಪೇಪರು ತಂದೆ.

ಸರ್ ಗಾಬರಿಯಾಗಿ ಹೊರಗೆ ಓಡಿಬಂದರು. ‘ಅವ್ವಾ, ರಸ್ತಾಕ್ಕ ಕಾಣಸ್ತೈತಿ. ಯಾರರ ನೋಡಿದ್ರ ನನ್ನ ನೌಕರಿ ಹೋಗತೈತಿ. ಒಳಗ ಬಾ. ಇಲ್ಲಿ ಬಿಸಲ ನೋಡು.’

‘ಬಿಸಲ ಇರ್ಲಿ ಬಿಡ್ರಿ ಸರ್,’ ಎಂದರು ಮಾವಶಿ, ತಲೆ ಎತ್ತದೆ. ‘ನಾವು ಹೊರಗಿನವ್ರು. ನಮಗ ರೂಢಿ ಐತಿ.’

ಸರ್ ಒಳಗೆ ಹೋದರು. ಒಳಗಿನಿಂದ ಸರ್ ದನಿ ಮತ್ತೆ ಕೇಳಿಸತೊಡಗಿದಾಗ ಮಾವಶಿ ಸೆರಗನ್ನು ಕಿವಿಯ ಮೇಲೆ ಬಿಗಿಯಾಗಿ ಸುತ್ತಿಕೊಂಡರು. ನಾನೂ ಓಢಣಿ ಸುತ್ತಿಕೊಂಡೆ. ರಸ್ತೆಯಲ್ಲಿ ಹೋಗುವವರು, ಪಡಸಾಲೆಯಲ್ಲಿ ಮುಸುಕು ಹಾಕಿಕೊಂಡು ಬರೆಯುತ್ತ ಕೂತ ಎರಡು ಹೆಂಗಸರನ್ನು ನೋಡಿ ಏನು ತಿಳಿದುಕೊಂಡರೋ. ಒಬ್ಬ ಸೈಕಲ್ಲಿನವನು ನಿಂತು, ‘ಯಾಕಬೇ, ಒಳಗ ಜಾಗಾ ಇಲ್ಲನ?’ ಎಂದು ಕೇಳಿದ.

‘ಐತಿ. ನಮಗ ಬ್ಯಾಡಾಗೈತಿ,’ ಅಂದರು ಮಾವಶಿ.

ಪೇಪರು ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಾಗ ಅವರ ಕುತ್ತಿಗೆ ಬಿಸಿಲಿಗೆ ಕೆಂಪಾಗಿತ್ತು. ‘ಅಜ್ಜನ್ನ ಹೊರಗ ಕೂಡಿಸಿದ್ರು,’ ಎಂದರು, ‘ನಾ ಹೊರಗ ಕುಂತೆ. ಇದರಾಗ ಬಾಳ ಫರಕ ಐತಿ ತಂಗಿ.’

ಫಲಿತಾಂಶ ನಮ್ಮ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೇ ನೋಡಿದೆ. ಒಳಗೆ ಕೂತವರು ಎಲ್ಲರೂ ಪಾಸು. ಹುಕ್ಕೇರಿಯ ಕ್ಲಾರ್ಕು ಪಾಸು. ನಾನೂ ಹೇಗೋ ದಾಟಿದ್ದೆ. ಮಾವಶಿಗೆ ಇಪ್ಪತ್ತೊಂಬತ್ತು. ಪಾಸಾಗಲು ಮೂವತ್ತೈದು ಬೇಕು.

ಫೋನು ಮಾಡಲು ಧೈರ್ಯವಾಗದೆ ಬಸ್ಸಿಗೆ ಕಾದು ನಿಂತೆ. ತಗಡಿನ ಸದ್ದು ಕೇಳಿತು, ಬಸ್ಸು ಬಂತು. ಹತ್ತಿದರೆ ಒಳಗೆ ಹುಕ್ಕೇರಿಯ ಕ್ಲಾರ್ಕು ಮೊದಲೇ ಸುದ್ದಿ ಮುಟ್ಟಿಸಿದ್ದ. ಸ್ಟ್ಯಾಂಡಿನಲ್ಲಿದ್ದ ಇನ್ನೊಬ್ಬ ಕಂಡಕ್ಟರ್ ಕಿಟಕಿಯಿಂದ ತಲೆ ತೂರಿಸಿ ಕೆಣಕಿದ: ‘ಏನ್ ಮಾವಶಿ, ಹೊರಗ ಕುಂತು ಏನ್ ಗಳಿಸಿದ್ರಿ?’

‘ಇಪ್ಪತ್ತೊಂಬತ್ತು,’ ಅಂದರು ಮಾವಶಿ. ಬಸ್ಸಿಗೆಲ್ಲ ಕೇಳಿಸುವ ಹಾಗೆ. ‘ಇಪ್ಪತ್ತೊಂಬತ್ತೂ ನನ್ನವ!’ ಮತ್ತೆ ತಗಡಿಗೆ ಎರಡು ಸಲ ಬಡಿದು, ‘ಹೋಗ್ಲಿ,’ ಎಂದರು.

ಲೋಳಸೂರ ಸೇತುವೆ ದಾಟುವ ತನಕ ಅವರು ನನ್ನ ಕಡೆ ತಿರುಗಲಿಲ್ಲ. ದಾಟಿದ ಮೇಲೆ ಬಂದು ಪಕ್ಕದಲ್ಲಿ ಕೂತರು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ. ‘ಅಷ್ಟ್ ವರ್ಷದ್ದು ಹೋತಲ್ಲ ತಂಗಿ,’ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೈ ಬಿಡಿಸಿಕೊಂಡು ಎದ್ದರು. ‘ಮತ್ತ ಕಟ್ಟತೀನಿ. ನಿಮ್ಮ ಅಂಗಡ್ಯಾಗ ಅರ್ಜಿ ತುಂಬೋದು ಎಂದ ಶುರು ಆಗತೈತಿ, ಹೇಳು.’

ಮರುವರ್ಷ ಮತ್ತೆ ಮೊದಲ ವರ್ಷಕ್ಕೆ ಕಟ್ಟಿದರು. ನಿವೃತ್ತಿ ಹತ್ತಿರ ಬಂದಿತ್ತು. ಪಾಸಾದ ವಿಷಯಗಳನ್ನೇ ಮತ್ತೆ ಓದುವುದು ಎಂದರೆ ಉಂಡ ಎಲೆಯಲ್ಲೇ ಮತ್ತೆ ಉಂಡ ಹಾಗೆ, ನಾನಾದರೆ ಬಿಟ್ಟುಬಿಡುತ್ತಿದ್ದೆ. ಅವರು ಬಿಡಲಿಲ್ಲ. ಆ ವರ್ಷದ ಪರೀಕ್ಷೆಗೆ ಅವರು ಶಾಲೆಯ ಗೇಟಿನಲ್ಲಿ ಕಾಣಿಸಿದ ಕೂಡಲೇ ಅದೇ ಸರ್ ಜವಾನನಿಗೆ, ‘ಆ ಬಾಯಿ ಬಂದ್ಲೋ, ಬಾಗಲಾ ಕಿಡಕಿ ಎಲ್ಲಾ ತಗಿ,’ ಎಂದು ಕೂಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಾಗಿಲು ತೆರೆದೇ ಇತ್ತು. ಯಾರೂ ಯಾರಿಗೂ ಏನೂ ಹೇಳಿಕೊಡಲಿಲ್ಲ. ಬಹಳ ಜನ ಫೇಲಾದರು, ಮಾವಶಿಯ ಮೇಲೆ ಹಲ್ಲು ಕಡಿದರು. ಆದರೆ ಆಮೇಲಿನ ರವಿವಾರದ ಕ್ಲಾಸಿಗೆ, ಪಾಠ ಮಾಡಲು ಯಾರೂ ಬಾರದಿದ್ದಾಗ, ವಿಶ್ವವಿದ್ಯಾಲಯಕ್ಕೆ ಕೂಡಿ ಹೋಗಿ ಕೇಳೋಣ ಎಂದು ಮೊದಲ ಸಲ ಎದ್ದು ನಿಂತವರೂ ಆ ಫೇಲಾದವರೇ. ಪಾಸಾದವರಿಗೆ ಪಾಠ ಯಾಕೆ ಬೇಕಿತ್ತು?

ಒಂದು ಮಧ್ಯಾಹ್ನ ಫೋನು ಬಂತು. ಹಲೋ ಕೂಡ ಹೇಳದೆ, ‘ಆಯ್ ಆ್ಯಮ್ ಇನ್ ದ ಪಾಸ್!’ ಎಂದು ಕೂಗಿದರು.

ತಪ್ಪು ಎನ್ನಲು ಒಬ್ಬರು ಬೇಕು ಎಂದು ಅವರೇ ಅಲ್ಲವೇ ಹೇಳಿದ್ದು? ‘ಇನ್ ಹಚ್ಚಬಾರದು ರಿ ಮಾವಶಿ,’ ಅಂದೆ.

‘ಹಂಗಾದ್ರ ಆನ್?’

‘ಆನೂ ಬ್ಯಾಡ್ರಿ.’

‘ಏನ ಆಗ್ಲಿ. ಅಂಡರ್ ಅಂತೂ ಅಲ್ಲ!’ ಎಂದು ನಕ್ಕರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ನಿವೃತ್ತರಾದರು. ಎರಡನೇ ವರ್ಷದ ಪುಸ್ತಕಗಳು ಎಂದಿನಂತೆ ತಡವಾಗಿ ಬಂದವು. ಅವುಗಳಿಗೆ ಹೊದಿಕೆ ಹಾಕುತ್ತ ಕೂತಿದ್ದವರು ಎದೆ ನೋವು ಎಂದರಂತೆ. ಸಂಕೇಶ್ವರದ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಇಷ್ಟೇ. ಇದರಲ್ಲಿ ‘ಪಾಪ’ ಎನ್ನುವುದಕ್ಕೆ ಎಲ್ಲಿ ಜಾಗ ಇದೆ, ನೀವೇ ಹೇಳಿ. ಅಜ್ಜನಿಗೆ ತಾನು ಬರೆದದ್ದು ಸರಿಯೋ ತಪ್ಪೋ ಸಾಯುವ ತನಕ ತಿಳಿಯಲಿಲ್ಲ. ಮೊಮ್ಮಗಳಿಗೆ ತಿಳಿಯಿತು. ತಪ್ಪಿದ್ದೂ ತಿಳಿಯಿತು, ಸರಿಯಾದದ್ದೂ ತಿಳಿಯಿತು.

ವಿಹಾರದಿಂದ ಬಂದ ಮೂರನೇ ವಾರಕ್ಕೆ ನನ್ನ ಕೊನೆಯ ವರ್ಷದ ಪರೀಕ್ಷೆ. ಅದೇ ಶಾಲೆ, ಅದೇ ಕೊನೆಯ ಖೋಲಿ, ಅದೇ ಸರ್. ಗೇಟಿನ ಕಡೆ ಅವರು ಒಂದೆರಡು ಸಲ ನೋಡಿದರು. ಆಮೇಲೆ ನೆನಪಾಗಿರಬೇಕು, ನಿಟ್ಟುಸಿರು ಬಿಟ್ಟರು. ದುಃಖವೂ ಇತ್ತು ಅದರಲ್ಲಿ, ಸುಳ್ಳು ಹೇಳುವುದಿಲ್ಲ. ಪೇಪರು ಹಂಚಿದರು. ಜನ ಛತ್ತು ನೋಡತೊಡಗಿದರು. ಸರ್ ಹೋಗಿ ಬಾಗಿಲು ಮುಚ್ಚಿದರು.

‘ಗದ್ದಲ ಮಾಡಬ್ಯಾಡ್ರಿ. ಪಾಪ, ದುಡದು ತಿನ್ನೋ ಮಂದಿ...’

ನಾನು ಎದ್ದೆ. ಹೋಗಿ ಬಾಗಿಲು ತೆರೆದೆ. ತಿರುಗಿ ಬಂದು ನನ್ನ ಬೆಂಚಿನ ಒಂದು ತುದಿ ಹಿಡಿದು ಎಳೆದೆ. ಕರ್ರ್ ಎಂದಿತು, ಅಲುಗಲಿಲ್ಲ. ನನ್ನದು ಅವರಂಥ ದನಿಯಲ್ಲ, ಸಣ್ಣದು. ಆದರೂ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಹೇಳಿದೆ:

‘ಯಾರರ ಒಂದ್ ಕಡಿ ಹಿಡೀರಿ.’

ತಿರುಗಿ ನೋಡುವ ಮೊದಲೇ ಬೆಂಚು ಹಗುರಾಯಿತು.